ದೊರೆಯ ವಂಶ ಹುಡುಕಿದ ಸಂಕಪ್ಪ

ಒಂದು ಸಣ್ಣ ಸಂಸ್ಥಾನದ ಕಡತದ ಕೋಣೆಯಲ್ಲಿ ಸಂಕಪ್ಪ ಅಂತ ಒಬ್ಬ ಕಸ ಗುಡಿಸುತ್ತಿದ್ದ. ಹಳೇ ಕಾಗದ ಕಂಡರೆ ಓದದೆ ಬಿಡುವವನಲ್ಲ. ಹಾಗಾಗಿ ಬೆಳಿಗ್ಗೆ ಹಿಡಿದ ಪೊರಕೆ ಸಂಜೆಯಾದರೂ ಅರ್ಧ ಕೋಣೆ ದಾಟುತ್ತಿರಲಿಲ್ಲ.

ಇದು ದೊರೆಯ ಕಿವಿಗೆ ಬಿತ್ತು. ಅವನನ್ನು ಕರೆಸಿ, "ಬಹಳ ಓದ್ತೀಯಂತೆ. ನಮ್ಮದು ಸೂರ್ಯವಂಶ ಅನ್ನೋದಕ್ಕೆ ಎಂಟು ದಿನದಲ್ಲಿ ಆಧಾರ ಹುಡುಕಿ ತಾ. ಇಲ್ಲದಿದ್ದರೆ ಪೊರಕೆ ಇಟ್ಟು ಹೊರಡು," ಅಂದ.

ಸಂಕಪ್ಪ ಅನ್ನ ನೀರು ಮರೆತು ಹುಡುಕಿದ. ಒಂಬತ್ತನೇ ದಿನ ತುಂಬಿದ ಸಭೆಗೆ ಬಂದು, ದೊರೆಯ ಕಿವಿಯ ಹತ್ತಿರ ಬಗ್ಗಿದ.

"ಬುದ್ಧೀ, ತಮ್ಮ ಮುತ್ತಜ್ಜನವರ ತನಕ ಮುಟ್ಟಿದ್ದೇನೆ. ಅವರು ಒಂದು ಎಮ್ಮೆ ಕದ್ದಿದ್ದರು."

ದೊರೆಯ ಮೀಸೆ ಅದುರಿತು. "ಅದಕ್ಕೂ ಧೈರ್ಯ ಬೇಕು," ಅಂದ.

"ಹೌದು ಬುದ್ಧೀ. ಆದರೆ ಎಮ್ಮೆ ಮೇಲೆ ಕೂತು ಹೋಗುವಾಗ ಅವರಿಗೆ ನಿದ್ದೆ ಬಂತು. ಎಮ್ಮೆ ತಿರುಗಿ ಯಜಮಾನನ ಕೊಟ್ಟಿಗೆಗೇ ಬಂತು. ಮೂರು ವರ್ಷ ಅಲ್ಲೇ ಸಗಣಿ ಬಾಚಿದರಂತೆ."

ಸಭೆಯವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

"ಶೋಧನೆ ಮುಗೀತು ಅಂದರೆ ಇದನ್ನೇ ಎಲ್ಲರ ಮುಂದೆ ಓದಬೇಕು," ಅಂದ ಸಂಕಪ್ಪ. "ಇನ್ನೂ ನಡೀತಿದೆ ಅಂದರೆ ಓದೋ ಹಾಗಿಲ್ಲ."

ದೊರೆ ತಟ್ಟನೆ ಎದ್ದು, ಸಂಕಪ್ಪನನ್ನು ವಂಶಶೋಧನೆಯ ಅಧಿಕಾರಿ ಅಂತ ಸಾರಿ, ತಿಂಗಳ ಸಂಬಳ ಗೊತ್ತುಮಾಡಿದ. ಆಮೇಲೆ ಮೆಲ್ಲಗೆ ಕೇಳಿದ, "ಸೂರ್ಯನ ತನಕ ಹೋಗೋಕೆ ಎಷ್ಟು ದಿನ ಹಿಡಿಯುತ್ತೆ?"

"ನನ್ನ ಆಯುಸ್ಸು ಪೂರ್ತಿ ಬೇಕಾಗಬಹುದು, ಬುದ್ಧೀ."

"ನನ್ನದೂ ಮುಗೀಲಿ," ಅಂದ ದೊರೆ. "ಅವಸರ ಮಾಡಬೇಡ."