ಹಸಿದು ನಿಂತ ಜಿರಾಫೆ

“ಕೇಳ್ರಪ್ಪೋ ಕೇಳಿ, ದೊರೆ ವೀರಮಲ್ಲರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಹೋಗುತ್ತದೆ.” ಹೊಂಬಾಳೆಪುರದ ಬೀದಿಬೀದಿಯಲ್ಲೂ ಹೀಗೆ ಡಂಗುರ ಸಾರಿದರು.

ಇಷ್ಟಕ್ಕೆಲ್ಲ ಕಾರಣ ಒಂದು ಜಿರಾಫೆ. ಕಡಲಾಚೆಯಿಂದ ಹಡಗಿನಲ್ಲಿ ಬಂದು, ಆಟದವರ ಜೊತೆ ಊರೂರು ತಿರುಗುತ್ತಿತ್ತು. ಅಬ್ಬಾ, ಅದರ ಚೆಂದವೇ ಚೆಂದ. ಮಾಡಿನ ಮೇಲಿಂದ ಇಣುಕುವ ಕತ್ತು, ಮದುಮಗಳ ಹಾಗೆ ಬಾಗಿದ ರೆಪ್ಪೆ. ಆಸೆಗೆ ಬಿದ್ದ ದೊರೆ ಅದನ್ನು ಕೊಂಡು, ಅರಮನೆಯ ಅಂಗಳದಲ್ಲಿ ಕಟ್ಟಿಸಿ, ಬೇರೆ ಯಾರೂ ನೋಡಬಾರದೆಂದು ಬಾಗಿಲು ಹಾಕಿಸಿದ. ಅಂದಿನಿಂದ ಅದು ಮೇವು ಮುಟ್ಟಲಿಲ್ಲ, ಪಕ್ಕೆಲುಬು ಎದ್ದು ಕಾಣತೊಡಗಿತು. ಬಾಯಿಗೆ ಬಂದ ಮದ್ದು ಹೇಳುವವರ ಕಾಟ ತಾಳಲಾರದೆ ನಿಜಕ್ಕೂ ತಿಳಿದವರು ಮಾತ್ರ ಬರಲೆಂದು ದೊರೆ ಈ ಒಗಟಿನ ಉಪಾಯ ಹೂಡಿದ.

ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದ. “ಧಣಿಗಿಂತ ಮೊದಲೇ ಊರು ಸೇರುತ್ತದೆ, ಧಣಿ ಬಂದ ಮೇಲೆ ಕುಗ್ಗುತ್ತದೆ. ಏನದು?” ಪಾಳೆಯಗಾರನ ಮಗ ಮೀಸೆ ತಿರುವಿ ನೆರಳು ಅಂದ, ತಲೆ ಹೋಗುವ ದಿನ ಕಾಯುತ್ತ ಸೆರೆಮನೆ ಸೇರಿದ. ಮಂತ್ರಿಯ ಅಳಿಯ ಅದನ್ನು ದಾಟಿದ. ಆದರೆ “ಸಾವಿರ ಜನ ಹೊತ್ತುಕೊಂಡು ಹೋದರೂ ಇದ್ದಲ್ಲೇ ಇರುವುದು ಯಾವುದು?” ಎಂಬುದಕ್ಕೆ ವಿದ್ಯೆ ಅಂದು ಅವನೂ ಸೆರೆ ಸೇರಿದ.

ಆಮೇಲೆ ಬಂದವನು ಕಂಬಳಿ ನೇಯುವ ಮಾಳಿಂಗ. ತನ್ನೂರಿಗೆ ಜಿರಾಫೆ ಬಂದಾಗ ನೋಡಿ ಸಾಲದೆ, ಮಗ್ಗ ಬಿಟ್ಟು ಮುಂದಿನ ಊರಿಗೂ ಅದರ ಹಿಂದೆಯೇ ಹೋಗಿದ್ದ ಹುಚ್ಚ. ಅದು ಸಾಯುತ್ತಿದೆ ಎಂದು ಕೇಳಿ ಅವನಿಗೆ ತಡೆಯಲಾಗಲಿಲ್ಲ. ತಲೆಯ ಚಿಂತೆ ಆಮೇಲೆ ಅಂದುಕೊಂಡ.

ಮೊದಲನೆಯದು ಸುದ್ದಿ ಅಂದ. ಕಣ್ಣಾರೆ ಕಂಡ ಮೇಲೆ ಯಾವ ಸುದ್ದಿಯಾದರೂ ಇಷ್ಟೇನಾ ಅನ್ನಿಸುತ್ತದೆ, ಜಿರಾಫೆಯ ಮುಂದೆ ಮಾತ್ರ ಸುದ್ದಿಯೇ ಸೋತಿತು ಎಂದೂ ಸೇರಿಸಿದ. ಎರಡನೆಯದು ನೋಟ, ಕಣ್ಣು ತುಂಬಿಕೊಳ್ಳುವ ಚೆಂದ ಅಂದ. ಜಿರಾಫೆಯನ್ನು ಕಂಡವರೆಲ್ಲ ಆ ನೋಟವನ್ನು ಮನೆಗೆ ಹೊತ್ತೊಯ್ದರೂ ಪ್ರಾಣಿಯ ಒಂದು ಕೂದಲೂ ಕಡಿಮೆಯಾಗಿರಲಿಲ್ಲ. ದೊರೆ ಮುಚ್ಚಿದ ಬಾಗಿಲ ಕಡೆ ನೋಡಿದ.

ಆಮೇಲೆ ಮೂರನೆಯದನ್ನು ಕೇಳಿದ. “ಮುಂದೆ ಸೊಪ್ಪಿನ ರಾಶಿಯಿದೆ, ಮೈಯಲ್ಲಿ ರೋಗವಿಲ್ಲ. ಆದರೂ ಹಸಿದೇ ನಿಂತಿದೆ. ಯಾಕೆ? ಉತ್ತರ ನನಗೂ ಗೊತ್ತಿಲ್ಲಪ್ಪ.”

“ದೊಡ್ಡವರು ಆಟ ನೋಡೋಕೆ ಕೈಬೀಸಿಕೊಂಡು ಹೋಗ್ತೀರಿ ಬುದ್ಧಿ,” ಅಂದ ಮಾಳಿಂಗ. “ನಾವು ಬಡವರು ಒಂದೊಂದು ಜಾಲಿ ಕೊಂಬೆ ಹಿಡಿದು ಹೋಗ್ತೀವಿ. ಅದೇ ನಮ್ಮ ಕಾಣಿಕೆ. ಮರಿಯಾಗಿದ್ದಾಗಿನಿಂದ ಜನರ ಕೈಯಿಂದಲೇ ತಿಂದು ಬೆಳೆದದ್ದು ಅದು ಅಂತ ಆಟದವರೇ ಹೇಳ್ತಿದ್ರು. ಜನವೇ ಇಲ್ಲದ ಕಡೆ, ಊಟದ ಹೊತ್ತಾಯಿತು ಅಂತ ಅದಕ್ಕೆ ಹೇಗೆ ತಿಳೀಬೇಕು?”

ಮಾತು ದೊರೆಗೆ ನಾಟಿತು. ಬೇಡಿಕೋ ಅಂದಾಗ ಮಾಳಿಂಗ, ಬಾಗಿಲು ತೆಗೆಸಿ, ಸೆರೆಯಲ್ಲಿರುವವರನ್ನೂ ಬಿಡಿ ಅಂದ. ದೊರೆ ಎರಡನ್ನೂ ಮಾಡಿದ. ಜಿರಾಫೆಯ ಹಗ್ಗವನ್ನೂ ಅವನ ಕೈಗೇ ಕೊಟ್ಟು, ಇನ್ನು ನೀನೇ ಊರೂರು ತಿರುಗಿಸು ಅಂದ.

ಬಾಗಿಲು ತೆರೆದದ್ದೇ ತಡ, ಊರಿಗೆ ಊರೇ ಕೊಂಬೆ ಹಿಡಿದು ಬಂತು. ದೊರೆಯೂ ಒಂದು ಕೊಂಬೆ ಹಿಡಿದು ಎಲ್ಲರ ಹಿಂದೆ ನಿಂತ. ಅವನ ಸರದಿ ಬಂದಾಗ ಆ ಉದ್ದ ಕತ್ತು ಬಾಗಿತು, ಕಪ್ಪು ನಾಲಿಗೆ ಕೊಂಬೆಗೆ ಸುತ್ತಿಕೊಂಡಿತು. ಅಂಗೈಗೆ ಮುಳ್ಳು ಚುಚ್ಚುತ್ತಿದ್ದರೂ, ಅದು ಕೊನೆಯ ಎಲೆ ತಿನ್ನುವವರೆಗೆ ದೊರೆ ಹಾಗೇ ಹಿಡಿದು ನಿಂತಿದ್ದ.