ಗೀಜಗನ ಏಳು ಕೋಣೆ

ಗೀಜಗನ ಹೆಂಡತಿಗೆ ಮೊಟ್ಟೆ ಇಡುವ ಅವಸರ. ಗೀಜಗನಿಗೆ ನಾಗರಿಕತೆ ಕಟ್ಟುವ ಅವಸರ. "ಕಾಗೆಯ ಹಾಗೆ ಕಡ್ಡಿ ಒಟ್ಟಿದರೆ ಗೂಡಾಗುತ್ತದೆಯೇ?" ಎಂದು ಮೂದಲಿಸುತ್ತ ಅವನು ಒಳಗೇ ಕೂತು ಏಳು ಕೋಣೆ, ಎರಡು ಪಡಸಾಲೆ ಹೆಣೆದ. ಹಾವು ನುಗ್ಗಬಾರದೆಂದು ಕೊನೆಯ ಕಂಡಿಯನ್ನೂ ಮುಚ್ಚಿಬಿಟ್ಟ.

ಅವಳು ಗೂಡಿಗೆ ಮೂರು ಸುತ್ತು ಹಾಕಿದಳು. "ಅದ್ಭುತ ಕಣ್ರೀ! ಆದರೆ ನಾನು ಒಳಗೆ ಬರೋದು ಹೇಗೆ?"

"ಅದು ಆಮೇಲೆ. ಮೊದಲು ನಾನು ಹೊರಗೆ ಬರೋದು ಹೇಗೆ, ಹೇಳು!" ಎಂದು ಒಳಗಿನಿಂದ ದನಿ ಬಂತು.

ಪಕ್ಕದ ಕೊಂಬೆಯ ಕಾಗಣ್ಣ ಬಂದು ಒಂದೇ ಸಲ ಕುಕ್ಕಿದ. ತೂತಿನಿಂದ ಗೀಜಗನ ತಲೆ ಈಚೆ ಬಂತು. "ನೋಡಿದೆಯಾ? ಬಾಗಿಲು ನಾನು ಎಣಿಸಿದ್ದ ಜಾಗದಲ್ಲೇ ಬಂದಿದೆ!"

ಅವಳು ಕಾಗಣ್ಣನತ್ತ ತಿರುಗಿದಳು. "ಅಣ್ಣಾ, ನಿಮ್ಮ ಕಡ್ಡಿಗಳ ನಡುವೆ ಒಂದು ಮೊಟ್ಟೆಗೆ ಜಾಗ ಇದೆಯಾ?"