ಕಾವಲು ನಿಂತ ಅಂಟು

ಗಾಣದಿಂದ ಹೊರಬಿದ್ದ ಕಬ್ಬಿನ ಹಿಪ್ಪೆಯ ನಾರಿನೊಳಗೆ ಇನ್ನೂ ಒಂದಿಷ್ಟು ಸಕ್ಕರೆ ಅಡಗಿತ್ತು. ಅದರ ಸುತ್ತ, ನಾರುಗಳನ್ನು ಬಿಗಿದು ಹಿಡಿಯುವ ಕಬ್ಬಿನದೇ ಗಟ್ಟಿಯಾದ ಅಂಟೊಂದು ಕಾವಲು ನಿಂತಿತ್ತು. ಆ ಸಕ್ಕರೆ ಹೊರಬಂದರೆ ಹುಳಿಸಿದಾಗ ಇಂಧನವಾಗುತ್ತಿತ್ತು. ಬರದಿದ್ದರೆ ಹಿಪ್ಪೆಯ ಜೊತೆಗೆ ರಾಶಿಯಲ್ಲೇ ಕೊಳೆತುಹೋಗುತ್ತಿತ್ತು.

ಮೊದಲು ಆಮ್ಲ ಬಂದಿತು. "ದಾರಿ ಬಿಡು, ಇಲ್ಲವಾದರೆ ಸುಡುತ್ತೇನೆ" ಎಂದಿತು. ಅಂಟು ಕದಲಲಿಲ್ಲ. ಆಮ್ಲ ಹೇಳಿದಂತೆಯೇ ಮಾಡಿತು. ಆದರೆ ಅದು ಹೊಕ್ಕ ಕಡೆಯೆಲ್ಲ ಅಂಟಿನ ಜೊತೆಗೆ ಸಕ್ಕರೆಯೂ ಕರಕಾಯಿತು. ಆಮ್ಲ ಬರಿಗೈಯಲ್ಲಿ ಹಿಂದಿರುಗಿತು. ಉಳಿದ ಅಂಟು ಇನ್ನಷ್ಟು ಬಿಗಿದುಕೊಂಡಿತು.

ಆಮೇಲೆ ಗಿಡಗಳ ಸತ್ವದಿಂದಲೇ ಮಾಡಿದ ಹಸಿರು ದ್ರಾವಕ ಮೆಲ್ಲಗೆ ಹರಿದು ಬಂದು ಪಕ್ಕದಲ್ಲಿ ನಿಂತಿತು.

"ಅಣ್ಣಾ, ಯಾರಿಗಾಗಿ ಈ ಕಾವಲು?" ಎಂದು ಕೇಳಿತು.

"ಕಬ್ಬಿಗಾಗಿ. ಗಾಳಿಗೆ ಅದು ಮುರಿಯಬಾರದು, ಹುಳು ಒಳಗೆ ನುಗ್ಗಬಾರದು. ಅದು ಬೆಳೆದು ನಿಲ್ಲುವವರೆಗೆ ನಾನು ಕದಲುವಂತಿಲ್ಲ."

"ಅದು ಬೆಳೆದು ನಿಂತಿತ್ತು. ಕಡಿದು, ಅರೆದು, ರಸ ತೆಗೆದದ್ದೂ ಆಯಿತು. ನಿನಗೆ ಯಾರೂ ಹೇಳಲಿಲ್ಲವೇ?"

ಅಂಟು ತನ್ನ ಸುಟ್ಟ ಅಂಚನ್ನು ನೋಡಿಕೊಂಡಿತು. "ಹಿಂಡಿದರು, ಸುಟ್ಟರು. ಹೇಳಿದವರು ಯಾರೂ ಇಲ್ಲ" ಎಂದಿತು. "ಹಾಗಾದರೆ ನಾನಿನ್ನು ಯಾರಿಗೂ ಬೇಡವೇ?"

"ಬೇಕು. ನನ್ನ ಜೊತೆ ಬಾ, ಹಲಗೆಗಳನ್ನು ಬೆಸೆಯುವ ಬೇರೆ ಕೆಲಸ ನಿನಗಿದೆ."

ಅಂಟು ಹಿಡಿತ ಸಡಿಲಿಸಿತು. ದ್ರಾವಕದಲ್ಲಿ ಬೆರೆಯುವ ಮುನ್ನ ಮೊದಲ ಸಲ ಹಿಂತಿರುಗಿ ನೋಡಿತು. ಸಕ್ಕರೆ ಬೆಳಕಿಗೆ ಬಂದು ನಿಂತಿತ್ತು.

"ನಾನು ಇಷ್ಟು ಕಾಲ ಕಾಯುತ್ತಿದ್ದುದು ನಿನ್ನನ್ನೇ?"

"ಹೌದಣ್ಣಾ" ಎಂದಿತು ಸಕ್ಕರೆ. "ನಾನು ನಿನ್ನ ಬೆನ್ನನ್ನಷ್ಟೇ ನೋಡಿದ್ದೆ."